‘ಇಲ್ಲಿ’ ಎಂದರೆ ಎಲ್ಲಿ?

ಗ್ರಂಥಾಲಯದ ಸೂಚಿ ಕಾರ್ಡಿನ ಅಳತೆ 12.5 ಸೆಂ.ಮೀ. ಅಗಲ, 7.5 ಸೆಂ.ಮೀ. ಎತ್ತರ. ಕೆಳಗಡೆ ನಡುವೆ ಒಂದು ತೂತು. ಡ್ರಾಯರಿನ ಉದ್ದಕ್ಕೂ ಹಾಯುವ ಲೋಹದ ಕಡ್ಡಿಗೆ ಕಾರ್ಡುಗಳನ್ನು ಪೋಣಿಸಿಡಲು ಅದು. ಯಾರೂ ಕಿತ್ತೊಯ್ಯಬಾರದು, ಕ್ರಮ ಕದಲಬಾರದು. ಧಾರವಾಡದಲ್ಲಿ ನಾನು ಗ್ರಂಥಾಲಯ ವಿಜ್ಞಾನ ಓದುವಾಗ ಪ್ರಾಯೋಗಿಕ ಪರೀಕ್ಷೆ ಎಂದರೆ ಮುಖ್ಯವಾಗಿ ಈ ಕಾರ್ಡು ಬರೆಯುವುದು. ಪುಸ್ತಕದ ಕಾರ್ಡು ಅಷ್ಟು ಕಷ್ಟವಲ್ಲ: ಲೇಖಕ, ಶೀರ್ಷಿಕೆ, ವರ್ಗ ಸಂಖ್ಯೆ, ಆಯಿತು. ಎಲ್ಲರೂ ಹೆದರುತ್ತಿದ್ದದ್ದು ಇನ್ನೊಂದು ಬಗೆಯ ಕಾರ್ಡಿಗೆ. ಅದರ ಹಿಂದೆ ಯಾವ ಪುಸ್ತಕವೂ ಇರುವುದಿಲ್ಲ. ನೀವು ಹುಡುಕುತ್ತಿರುವುದು ಈ ಹೆಸರಿನ ಕೆಳಗಿಲ್ಲ, ಆ ಹೆಸರಿನ ಕೆಳಗೆ ನೋಡಿ ಎಂದು ದಾರಿ ತೋರಿಸಿ ಸುಮ್ಮನಾಗುವುದಷ್ಟೇ ಅದರ ಕೆಲಸ.

ನಾನು ಗ್ರಂಥಪಾಲಕಿ ಆಗಲಿಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿಗೆ ಬಂದು, ಸಾಫ್ಟ್‌ವೇರಿನ ಬಳಕೆದಾರರಿಗೆ ಕೈಪಿಡಿ ಬರೆಯುವ ಕೆಲಸ ಹಿಡಿದೆ. ಇವತ್ತಿಗೂ ಅದೇ ಅನ್ನ. ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು, ಲಿಂಕಿನ ಮೇಲೆ ಏನು ಬರೆಯಬೇಕು ಎಂಬುದು ವೆಬ್ ಹುಟ್ಟಿಸಿದ ತಲೆನೋವು ಎಂದುಕೊಂಡಿರುತ್ತಾರೆ. ಓದುಗರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಕಳಿಸುವ ಕಸುಬು ಅದಕ್ಕಿಂತ ಎಷ್ಟೋ ಹಳೆಯದು. ಅದರ ಚರಿತ್ರೆಯಲ್ಲಿ ನನಗೆ ಎದ್ದು ಕಾಣುವುದು ಒಂದು ವಿಪರ್ಯಾಸ: ಬೊಟ್ಟು ಮಾಡಲು ಬೆರಳಿಲ್ಲದಿದ್ದಾಗ ನಮ್ಮ ಮಾತು ಸ್ಪಷ್ಟವಾಗಿತ್ತು, ಬೆರಳು ಸಿಕ್ಕಿದ ಮೇಲೆ ಮಾತು ಕೆಟ್ಟಿತು.

1728ರಲ್ಲಿ ಲಂಡನ್ನಿನ ಇಫ್ರಾಯಿಮ್ ಚೇಂಬರ್ಸ್ ಎರಡು ದೊಡ್ಡ ಸಂಪುಟಗಳ ‘ಸೈಕ್ಲೋಪೀಡಿಯಾ’ ಹೊರತಂದ. ವಿಷಯಗಳನ್ನು ಅಕಾರಾದಿಯಾಗಿ ಜೋಡಿಸಿದರೆ ಹುಡುಕುವುದು ಸಲೀಸು. ಆದರೆ ವಿಷಯ ವಿಷಯಗಳ ನಂಟು ಕಡಿದುಹೋಗುತ್ತದೆ. ಹೃದಯ ಒಂದು ಮೂಲೆಗೆ, ರಕ್ತ ಇನ್ನೊಂದು ಮೂಲೆಗೆ. ಕಡಿದದ್ದನ್ನು ಮತ್ತೆ ಕೂಡಿಸಲು ಅವನು ಲೇಖನಗಳ ಒಳಗೇ ಇಂಥಿಂಥದ್ದನ್ನು ನೋಡಿ ಎಂಬ ಸೂಚನೆಗಳನ್ನು ಧಾರಾಳವಾಗಿ ಇಟ್ಟ. ಆ ಪುಸ್ತಕವನ್ನು ಫ್ರೆಂಚಿಗೆ ತರಲು ಶುರುವಾದ ಕೆಲಸವೇ ಬೆಳೆದು ಬೆಳೆದು ದಿದರೋ ಮತ್ತು ದಾಲಂಬೇರರ ‘ಆನ್ಸಿಕ್ಲೊಪೆದಿ’ ಆಯಿತು. 1751ರಿಂದ 1772ರವರೆಗೆ 17 ಪಠ್ಯ ಸಂಪುಟಗಳು, 11 ಚಿತ್ರ ಸಂಪುಟಗಳು. 1755ರಲ್ಲಿ ಬಂದ ಐದನೆಯ ಸಂಪುಟದಲ್ಲಿ ದಿದರೋ ಈ ಅಡ್ಡ ಸೂಚನೆಗಳ ಬಗ್ಗೆಯೇ ವಿಸ್ತಾರವಾಗಿ ಬರೆದ. ಒಂದು ಸೂಚನೆಯಿಂದ ಹೇಳಿದ ಮಾತಿಗೆ ಬಲ ಕೊಡಬಹುದು. ಎದುರಿಗೆ ಹೇಳಲಾಗದ್ದನ್ನು ಹಿಂಬಾಗಿಲಿನಿಂದ ಹೇಳಲೂಬಹುದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ವಿಶ್ವಕೋಶದಲ್ಲಿ ನರಭಕ್ಷಕರ ಕುರಿತ ಲೇಖನ ಮುಗಿಯುವುದೇ ಕ್ರೈಸ್ತ ಪ್ರಸಾದ, ಬಲಿಪೀಠ ಮೊದಲಾದ ಲೇಖನಗಳ ಕಡೆ ಕೈ ತೋರಿಸಿ. ಸೆನ್ಸಾರಿನ ಕಣ್ಣೆದುರಿಗೇ ಈ ತುಂಟತನ. ಅದು ಫಲಿಸಿದ್ದು, ಹೋಗಬೇಕಾದ ಲೇಖನದ ಹೆಸರು ಅಲ್ಲೇ ಬರೆದಿದ್ದರಿಂದ. ಓದುಗ ಪುಟ ತಿರುಗಿಸಬೇಕಾಗಿಯೇ ಇರಲಿಲ್ಲ. ಹೆಸರು ಓದಿದೊಡನೆ ನಕ್ಕಿರುತ್ತಾನೆ.

ಗ್ರಂಥಾಲಯದವರು ಇದಕ್ಕೆ ಶಿಸ್ತು ತಂದರು. 1876ರಲ್ಲಿ ಬಾಸ್ಟನ್ ಅಥೀನಿಯಮ್ ಗ್ರಂಥಾಲಯದ ಚಾರ್ಲ್ಸ್ ಕಟರ್ ಸೂಚಿ ತಯಾರಿಸುವ ನಿಯಮಗಳನ್ನು ಪ್ರಕಟಿಸಿದ. ‘ನೋಡಿ’ ಬೇರೆ, ‘ಇದನ್ನೂ ನೋಡಿ’ ಬೇರೆ ಎಂಬ ಪಾಠ ನಮಗೆ ಅಲ್ಲಿಂದ ಶುರು. ಮೊದಲನೆಯದು, ಇಲ್ಲಿ ಏನೂ ಇಲ್ಲ, ಅಲ್ಲಿಗೆ ಹೋಗಲೇಬೇಕು ಎನ್ನುತ್ತದೆ. ಎರಡನೆಯದು, ಇಲ್ಲಿ ಇದೆ, ಇನ್ನೂ ಬೇಕಿದ್ದರೆ ಅಲ್ಲಿಯೂ ಇದೆ ಎನ್ನುತ್ತದೆ. ಹೋಗಲೇಬೇಕೋ, ಬೇಕಿದ್ದರೆ ಹೋಗಬೇಕೋ ಎಂಬುದು ಓದುಗನಿಗೆ ಹೊರಡುವ ಮೊದಲೇ ತಿಳಿಯಬೇಕು. ಕೈಪಿಡಿ ಬರೆಯುವವರು ಇವತ್ತಿಗೂ ಎಡವುವ ಜಾಗ ಇದು. ‘ಮುಂದುವರಿಯುವ ಮೊದಲು ಬ್ಯಾಕಪ್ ತೆಗೆದುಕೊಳ್ಳಿ’ ಎಂಬ ಕಡ್ಡಾಯ ಹೆಜ್ಜೆಯೂ, ‘ಬ್ಯಾಕಪ್ ಎಂದರೇನು’ ಎಂಬ ತಿಳಿವಳಿಕೆಯ ಪುಟವೂ ಒಂದೇ ಬಣ್ಣದ, ಒಂದೇ ಗೆರೆಯ ಲಿಂಕುಗಳಾಗಿ ಕೂತಿರುತ್ತವೆ. ಓದುವವನು ಎರಡನ್ನೂ ಹಾರಿಸಿ ಮುಂದೆ ಹೋಗುತ್ತಾನೆ.

ನಮ್ಮ ತರಗತಿಯಲ್ಲಿ ಕಟರ್ ಒಂದು ದಿನದಲ್ಲಿ ಮುಗಿದರೆ ಎಸ್. ಆರ್. ರಂಗನಾಥನ್ ವರ್ಷವಿಡೀ ಇರುತ್ತಿದ್ದರು. ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ 1924ರಲ್ಲಿ ಸೇರಿದ ಗಣಿತದ ಮೇಷ್ಟ್ರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು, 1933ರಲ್ಲಿ ಕೋಲನ್ ವರ್ಗೀಕರಣ, 1934ರಲ್ಲಿ ಸೂಚೀಕರಣದ ಸಂಹಿತೆ. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಇದೇ ಊರಿನಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ತೆರೆದರು. 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಲೋಕವೆಲ್ಲ ಲಿಂಕು ಲಿಂಕು ಎನ್ನುವುದಕ್ಕೆ ಎಷ್ಟೋ ಮೊದಲೇ, ಲಿಂಕಿನ ಮಾತು ಹೇಗಿರಬೇಕೆಂದು ತಲೆ ಕೆಡಿಸಿಕೊಂಡವರು ನಮ್ಮ ಊರಿನಲ್ಲಿದ್ದರು.

ಅವರ ‘ಸರಪಳಿ ವಿಧಾನ’ವನ್ನು ಒಂದು ಉದಾಹರಣೆಯಲ್ಲೇ ಹೇಳಿಬಿಡಬಹುದು. ಶ್ವಾಸಕೋಶದ ಕ್ಷಯದ ಪುಸ್ತಕಕ್ಕೆ ಕೋಲನ್ ವರ್ಗೀಕರಣದಲ್ಲಿ ಸಂಖ್ಯೆ ಎಲ್45:421. ಎಲ್ ಎಂದರೆ ವೈದ್ಯ, ಎಲ್4 ಉಸಿರಾಟದ ಅಂಗಗಳು, ಎಲ್45 ಶ್ವಾಸಕೋಶ, ಎಲ್45:4 ಅದರ ರೋಗಗಳು, ಕೊನೆಗೆ ಕ್ಷಯ. ಈ ಸರಪಳಿಯನ್ನು ಕೊನೆಯಿಂದ ಹಿಂದಕ್ಕೆ ಬಿಚ್ಚುತ್ತ ಬಂದರೆ ಒಂದೊಂದು ಕೊಂಡಿಗೆ ಒಂದೊಂದು ಕಾರ್ಡು: ‘ಕ್ಷಯ, ಶ್ವಾಸಕೋಶ’, ‘ರೋಗ, ಶ್ವಾಸಕೋಶ’, ‘ಶ್ವಾಸಕೋಶ, ವೈದ್ಯ’. ಗಮನಿಸಬೇಕಾದ್ದು, ಬರೀ ‘ರೋಗ’ ಎಂಬ ಕಾರ್ಡು ಇಲ್ಲ. ಯಾವುದರ ರೋಗ ಎಂದು ತಿಳಿಯಲು ಇನ್ನೊಂದು ಪದ ಬೇಕು. ಆದರೆ ಒಂದೇ ಸಾಕು. ‘ರೋಗ, ಶ್ವಾಸಕೋಶ, ಉಸಿರಾಟದ ಅಂಗಗಳು, ವೈದ್ಯ’ ಎಂದು ಇಡೀ ವಂಶಾವಳಿ ಬರೆಯುವಂತಿಲ್ಲ. ಓದುಗ ಗೊಂದಲಕ್ಕೆ ಬೀಳದಿರಲು ಎಷ್ಟು ಪದ ಬೇಕೋ ಅಷ್ಟು. ಅದರ ಮೇಲೆ ಒಂದೂ ಹೆಚ್ಚಿಗೆ ಬೇಡ. ಓದುಗನ ಸಮಯ ಉಳಿಸಬೇಕೆಂಬ ಅವರ ನಾಲ್ಕನೆಯ ಸೂತ್ರ ಕಾರ್ಡಿನ ಮೇಲೆ ಕೆಲಸಕ್ಕಿಳಿಯುವುದು ಹೀಗೆ. ಅವರ ಸಂಹಿತೆಯಲ್ಲಿ ಇಂಥ ಕಾರ್ಡಿನ ನಿರ್ದೇಶನ ವಾಕ್ಯಕ್ಕೂ ಗೊತ್ತಾದ ಪಾಠವಿತ್ತು: ಈ ವರ್ಗದ ಮತ್ತು ಅದರ ಉಪವರ್ಗಗಳ ಪುಸ್ತಕಗಳು ಬೇಕಿದ್ದರೆ, ಸೂಚಿಯ ವರ್ಗೀಕೃತ ಭಾಗದಲ್ಲಿ, ಇಂಥ ಸಂಖ್ಯೆಯ ಕೆಳಗೆ ನೋಡಬೇಕು ಎಂದು. ಅಲ್ಲಿ ಏನು ಸಿಗುತ್ತದೆ, ಅದು ಸೂಚಿಯ ಯಾವ ಭಾಗದಲ್ಲಿದೆ, ಯಾವ ಸಂಖ್ಯೆಯಡಿ ಇದೆ, ಮೂರೂ ಒಂದೇ ವಾಕ್ಯದಲ್ಲಿ. ಮೈಸೂರು ವಿಶ್ವವಿದ್ಯಾಲಯ 1969ರಿಂದ ಹೊರತಂದ ಕನ್ನಡ ವಿಶ್ವಕೋಶದ 14 ಸಂಪುಟಗಳಲ್ಲಿ ಕಂಸದೊಳಗೆ ಬರುವ ‘ನೋಡಿ’ಗಳೂ ಇದೇ ಮನೆತನದವು. ಮುಂದೆ ಲೇಖನದ ಹೆಸರಿಲ್ಲದ ‘ನೋಡಿ’ಗೆ ಅಚ್ಚಿನಲ್ಲಿ ಅರ್ಥವೇ ಇಲ್ಲ.

ಕಂಪ್ಯೂಟರಿನ ಕೈಪಿಡಿಗಳು ಶುರುವಾದದ್ದೂ ಕಾಗದದ ಮೇಲೆಯೇ. ಬೆಲ್ ಲ್ಯಾಬ್ಸ್‌ನ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ 1971ರ ನವೆಂಬರ್ 3ರ ತಾರೀಖು ಹಾಕಿದ ಯುನಿಕ್ಸ್ ಕೈಪಿಡಿ ತಂದರು. ಪ್ರತಿ ಆದೇಶಕ್ಕೂ ಒಂದು ಪುಟ. ಹೆಸರು, ವಿವರಣೆ, ‘ಇದನ್ನೂ ನೋಡಿ’, ದೋಷಗಳು ಎಂದು ಗೊತ್ತಾದ ಶೀರ್ಷಿಕೆಗಳು. ಆ ‘ಇದನ್ನೂ ನೋಡಿ’ಯ ಕೆಳಗೆ ಸಂಬಂಧಪಟ್ಟ ಆದೇಶಗಳ ಹೆಸರುಗಳು ಸಾಲಾಗಿ ನಿಂತಿರುತ್ತಿದ್ದವು. ಯಾಕೆ ನೋಡಬೇಕು ಎಂಬುದು ಮಾತ್ರ ಇರುತ್ತಿರಲಿಲ್ಲ. ಎಂಜಿನಿಯರುಗಳು ಎಂಜಿನಿಯರುಗಳಿಗೆ ಬರೆದದ್ದು. ಗೊತ್ತಿದ್ದವರಿಗೆ ಹೆಸರೇ ಸಾಕು. ಆದರೂ ಹೆಸರು ಇತ್ತು, ಆ ಮರ್ಯಾದೆ ತಪ್ಪಿರಲಿಲ್ಲ.

ಬೆರಳು ಬಂದದ್ದು ಎಂಬತ್ತರ ದಶಕದಲ್ಲಿ, ಮೌಸಿನ ಜೊತೆಗೆ. ‘ಹೈಪರ್‌ಟೆಕ್ಸ್ಟ್’ ಎಂಬ ಹೆಸರನ್ನು ಟೆಡ್ ನೆಲ್ಸನ್ 1965ರಲ್ಲೇ ಕೊಟ್ಟಿದ್ದ. ಡಗ್ಲಸ್ ಎಂಗಲ್‌ಬಾರ್ಟ್ 1968ರ ಡಿಸೆಂಬರಿನಲ್ಲಿ ಮೌಸ್ ಹಿಡಿದು ಲಿಂಕುಗಳ ಮೇಲೆ ಓಡಾಡಿ ತೋರಿಸಿದ್ದ. ಜನಸಾಮಾನ್ಯರ ಕೈಗೆ ಬಂದದ್ದು 1987ರಲ್ಲಿ, ಆಪಲ್‌ನ ಬಿಲ್ ಆಟ್ಕಿನ್ಸನ್ ಮಾಡಿದ ಹೈಪರ್‌ಕಾರ್ಡ್ ತಂತ್ರಾಂಶದಲ್ಲಿ. ಅದರ ಒಂದೊಂದು ತೆರೆಗೂ ‘ಕಾರ್ಡು’ ಎಂದೇ ಹೆಸರು; ತೆರೆಯ ಮೇಲೆ ಓಡಾಡುವ ಗುರುತು ಬೊಟ್ಟು ಮಾಡಿದ ಕೈ. ಗ್ರಂಥಾಲಯದ ಕಾರ್ಡೂ ಬೆರಳೂ ಅಲ್ಲಿ ಕೂಡಿದವು. ಆದರೆ ಕಾರ್ಡು ಬರೆಯುವವರ ಶಿಸ್ತು ಜೊತೆಗೆ ಬರಲಿಲ್ಲ.

ನಾನು ಕಸುಬಿಗೆ ಇಳಿದಾಗ ನಮ್ಮ ದಿನಚರಿ ವಿಂಡೋಸ್ ಹೆಲ್ಪ್. 1990ರ ವಿಂಡೋಸ್ 3.0 ಜೊತೆ ಬಂದದ್ದು. ಅದನ್ನು ಬರೆಯುವ ಬಗೆ ಕೇಳಿದರೆ ಈಗಿನವರು ನಂಬುವುದಿಲ್ಲ. ವರ್ಡ್ ಕಡತದಲ್ಲಿ ಪ್ರತಿ ವಿಷಯಕ್ಕೂ ಅಡಿಟಿಪ್ಪಣಿ ಹಾಕಬೇಕು: ಹ್ಯಾಶ್ ಚಿಹ್ನೆಯ ಟಿಪ್ಪಣಿಯಲ್ಲಿ ವಿಷಯದ ಗುಟ್ಟಿನ ಹೆಸರು, ಡಾಲರ್ ಚಿಹ್ನೆಯದರಲ್ಲಿ ಶೀರ್ಷಿಕೆ, ‘ಕೆ’ ಅಕ್ಷರದ್ದರಲ್ಲಿ ಹುಡುಕುಪದಗಳು. ಲಿಂಕ್ ಆಗಬೇಕಾದ ಮಾತಿಗೆ ಎರಡು ಗೆರೆ ಎಳೆದು, ಅದಕ್ಕೆ ಅಂಟಿದಂತೆ ಹೋಗಬೇಕಾದ ವಿಷಯದ ಗುಟ್ಟಿನ ಹೆಸರನ್ನು ಕಾಣದ ಅಕ್ಷರಗಳಲ್ಲಿ ಬರೆಯಬೇಕು. ಕಂಪೈಲ್ ಮಾಡಿದರೆ ಎರಡು ಗೆರೆಯ ಮಾತು ತೆರೆಯ ಮೇಲೆ ಹಸಿರಾಗಿ, ಅಡಿಗೆರೆ ಹೊತ್ತು ಬರುತ್ತಿತ್ತು. ಅರ್ಥ ಹೇಳುವ ಪುಟ್ಟ ಕಿಟಕಿ ತೆರೆಯುವ ಪದಗಳಿಗೆ ಚುಕ್ಕೆ ಗೆರೆ. ಕಟರ್ ಮಾಡಿದ್ದ ಭೇದವೇ ಒಂದು ಬಗೆಯಲ್ಲಿ ಗೆರೆಯ ರೂಪ ತಾಳಿತ್ತು: ಪುಟ ಬಿಟ್ಟು ಹೋಗಬೇಕೋ, ಇಲ್ಲೇ ನಿಂತು ಇಣುಕಿದರೆ ಸಾಕೋ ಎಂಬುದು ಒತ್ತುವ ಮೊದಲೇ ಗೊತ್ತಾಗುತ್ತಿತ್ತು. ಎರಡು ಗೆರೆ ಎಳೆಯುವ ಶ್ರಮವಿದ್ದುದರಿಂದಲೋ ಏನೋ, ಯಾವ ಪದಕ್ಕೆ ಎಳೆಯಬೇಕು ಎಂದು ಯೋಚಿಸುತ್ತಲೂ ಇದ್ದೆವು.

ವಿಂಡೋಸ್ 95 ಬಂತು. ಅದರ ಸಹಾಯ ಪುಟಗಳಲ್ಲಿ ಹೊಸದೊಂದು ಚಮತ್ಕಾರ. ‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಮಾತು, ಪಕ್ಕದಲ್ಲಿ ಸೊಟ್ಟ ಬಾಣದ ಪುಟ್ಟ ಗುಂಡಿ. ಒತ್ತಿದರೆ ಬೇಕಾದ ಸಂವಾದ ಪೆಟ್ಟಿಗೆಯೇ ತೆರೆದುಕೊಳ್ಳುತ್ತಿತ್ತು. ಸ್ಟಾರ್ಟ್ ಮೆನುವಿಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದು ಎಂಬ ಉದ್ದ ದಾರಿ ಬೇಕಿಲ್ಲ. ಬಳಕೆದಾರನಿಗೆ ಅನುಕೂಲವೇ. ಆದರೆ ಆ ಪುಟವನ್ನು ಮುದ್ರಿಸಿ ಮೇಜಿನ ಮೇಲಿಟ್ಟುಕೊಂಡವನಿಗೆ ಉಳಿಯುತ್ತಿದ್ದದ್ದು ಕಾಗದದ ಮೇಲೊಂದು ಬಾಣ. ದಾರಿ ಯಾವುದೆಂದು ಪುಟ ಅವನಿಗೆ ಹೇಳಿಯೇ ಇರಲಿಲ್ಲ.

ಇಷ್ಟರಲ್ಲಿ ವೆಬ್ಬೂ ಬಂದಾಗಿತ್ತು. ಅದರ ಆರಂಭ ನೋಡಿದರೆ ನನ್ನ ಮಾತಿಗೆ ಇನ್ನೂ ಬಲ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರ ಮಾರ್ಚಿನಲ್ಲಿ ಪ್ರಸ್ತಾವ ಬರೆದು, 1990ರ ಕೊನೆಗೆ ಮೊದಲ ಪುಟ ಏರಿಸಿ, 1991ರ ಆಗಸ್ಟ್ 6ರಂದು ಹೊರಜಗತ್ತಿಗೆ ಸುದ್ದಿ ಕೊಟ್ಟ. ಅವನ ಸ್ವಂತ ಬ್ರೌಸರ್ ನೆಕ್ಸ್ಟ್ ಎಂಬ ದುಬಾರಿ ಯಂತ್ರದಲ್ಲಷ್ಟೇ ಓಡುತ್ತಿತ್ತು. ಉಳಿದವರಿಗಾಗಿ ನಿಕೋಲಾ ಪೆಲೋ ಎಂಬ ವಿದ್ಯಾರ್ಥಿನಿ ಯಾವ ಟರ್ಮಿನಲ್ಲಿನಲ್ಲೂ ನಡೆಯುವ ಸರಳ ಬ್ರೌಸರ್ ಬರೆದಳು. ಮೌಸ್ ಇಲ್ಲ, ಬಣ್ಣ ಇಲ್ಲ. ಲಿಂಕ್ ಇದ್ದ ಕಡೆ ಪದದ ಪಕ್ಕ ಚೌಕ ಕಂಸದಲ್ಲಿ ಒಂದು ಅಂಕಿ. ಹೋಗಬೇಕಿದ್ದರೆ ಆ ಅಂಕಿ ಟೈಪ್ ಮಾಡಬೇಕು. ಇಂಥ ತೆರೆಯ ಮೇಲೆ ‘ಇಲ್ಲಿ ಕ್ಲಿಕ್ ಮಾಡಿ’ ಎಂದರೆ ಕ್ಲಿಕ್ಕಿಸಲು ಏನೂ ಇಲ್ಲ. ಆದ್ದರಿಂದಲೇ ಆ ಮೊದಲ ಪುಟಗಳ ಲಿಂಕುಗಳು ನೆಟ್ಟಗೆ ಹೆಸರುಗಳು: ಯೋಜನೆಯ ಸಾರಾಂಶ, ಸಾಮಾನ್ಯ ಪ್ರಶ್ನೆಗಳು, ಕೆಲಸದಲ್ಲಿರುವ ಜನ. ಬರ್ನರ್ಸ್-ಲೀ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲೇ ಬರೆದ ಶೈಲಿ ಸೂಚನೆಗಳಲ್ಲಿ ಇದನ್ನು ಬಾಯಿಬಿಟ್ಟು ಹೇಳಿದ್ದಾನೆ: ಯಂತ್ರದ ಗುಂಡಿಗಳ ಮಾತನ್ನು ಪಠ್ಯದೊಳಗೆ ತರಬೇಡಿ, ಕ್ಲಿಕ್ ಎನ್ನದೆ ವಿಭಾಗದ ಹೆಸರು ಹೇಳಿ, ಕಾಗದದ ಮೇಲೆ ಓದಿದರೂ ವಾಕ್ಯ ನಿಲ್ಲಬೇಕು.

ಯಾರು ಕೇಳಿದರು? 1993ರಲ್ಲಿ ಮೊಸಾಯಿಕ್ ಬ್ರೌಸರ್ ಬಂತು, ಲಿಂಕುಗಳು ನೀಲಿ ಗೆರೆ ಹೊತ್ತು ನಿಂತವು, ಲಕ್ಷಾಂತರ ಜನ ಮೊದಲ ಸಲ ಮೌಸ್ ಹಿಡಿದು ವೆಬ್ಬಿಗೆ ಬಂದರು. ನೀಲಿ ಪದ ಒತ್ತಬಹುದೆಂದು ಅವರಿಗೆ ಗೊತ್ತಿರಲಿಲ್ಲ, ಹೇಳಿಕೊಡಬೇಕಿತ್ತು. ‘ಇಲ್ಲಿ ಕ್ಲಿಕ್ ಮಾಡಿ’ ಹುಟ್ಟಿದ್ದು ಸೋಮಾರಿತನದಿಂದಲ್ಲ, ಹೊಸಬರ ಮೇಲಿನ ಕಾಳಜಿಯಿಂದ ಎಂದೇ ನಾನು ನಂಬುವುದು. ಕೆಲವೇ ವರ್ಷಗಳಲ್ಲಿ ಎಲ್ಲರೂ ಕಲಿತರು. ಮಾತು ಮಾತ್ರ ಉಳಿದುಕೊಂಡಿತು, ಗೃಹಪ್ರವೇಶ ಮುಗಿದು ವರ್ಷಗಳಾದರೂ ಬಾಗಿಲಿನಲ್ಲೇ ಒಣಗಿ ನೇತಾಡುವ ತೋರಣದ ಹಾಗೆ.

ಅದರ ಬೆಲೆ ಏನೆಂದು ನನಗೆ ತೋರಿಸಿಕೊಟ್ಟವರು ಕಣ್ಣು ಕಾಣದ ಸಹೋದ್ಯೋಗಿ. ನಮ್ಮ ತಂಡದ ಪರೀಕ್ಷಕರು. ಕಂಪ್ಯೂಟರಿನಲ್ಲಿ ಜಾಸ್ ಎಂಬ ಸ್ಕ್ರೀನ್ ರೀಡರ್. ದೃಷ್ಟಿ ಕಳೆದುಕೊಂಡಿದ್ದ ಟೆಡ್ ಹೆಂಟರ್ ಎಂಬ ಅಮೆರಿಕನ್ ಎಂಜಿನಿಯರ್ ಎಂಬತ್ತರ ದಶಕದ ಕೊನೆಗೆ ಹುಟ್ಟುಹಾಕಿದ ತಂತ್ರಾಂಶ ಅದು. ನಾವು ಪುಟವನ್ನು ಕಣ್ಣಾಡಿಸುವಂತೆ ಅವರಿಗೆ ಕಿವಿಯಾಡಿಸಲು ಒಂದು ಉಪಾಯವಿತ್ತು: ಇನ್ಸರ್ಟ್ ಜೊತೆ ಎಫ್7 ಒತ್ತಿದರೆ ಪುಟದ ಲಿಂಕುಗಳಷ್ಟೇ ಒಂದು ಪಟ್ಟಿಯಾಗಿ ಬರುತ್ತವೆ, ಸುತ್ತಲಿನ ವಾಕ್ಯಗಳಿಲ್ಲದೆ. ಬೇಕಿದ್ದರೆ ಅಕಾರಾದಿಯಾಗಿ ಜೋಡಿಸಿಕೊಳ್ಳಲೂಬಹುದು; ಮೊದಲಕ್ಷರ ಒತ್ತಿದರೆ ಆ ಅಕ್ಷರದ ಲಿಂಕಿಗೆ ನೆಗೆಯುತ್ತದೆ. ಒಂದು ಸಹಾಯ ಪುಟದ ಪಟ್ಟಿ ಕೇಳಿಸಿದರು. ಇಂಗ್ಲಿಷಿನಲ್ಲಿ ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಇನ್ನಷ್ಟು, ಇನ್ನಷ್ಟು. ಅವರು ನಗುತ್ತಿದ್ದರು, ನನಗೆ ಕಂಡದ್ದು ಕಡ್ಡಿ ಪೋಣಿಸಿದ ಡ್ರಾಯರು. ಅಕಾರಾದಿ ಲಿಂಕು ಪಟ್ಟಿ ಎಂದರೆ ಸೂಚಿ ಕಾರ್ಡುಗಳ ಡ್ರಾಯರೇ ಅಲ್ಲವೆ? ಎಲ್ಲ ಕಾರ್ಡಿಗೂ ‘ಇಲ್ಲಿ’ ಎಂದೇ ತಲೆಬರಹ ಕೊಟ್ಟವರನ್ನು ನಮ್ಮ ಮೇಷ್ಟ್ರು ಪರೀಕ್ಷೆಯಲ್ಲಿ ಪಾಸು ಮಾಡುತ್ತಿರಲಿಲ್ಲ.

ನಿಯಮಗಳು ಆ ಹೊತ್ತಿಗಾಗಲೇ ಬರತೊಡಗಿದ್ದವು. ವೆಬ್ ಒಕ್ಕೂಟ 1999ರ ಮೇ 5ರಂದು ಪ್ರಕಟಿಸಿದ ಸುಗಮ್ಯತೆಯ ಮೊದಲ ಮಾರ್ಗಸೂಚಿಯಲ್ಲಿ, ಪ್ರತಿ ಲಿಂಕೂ ಎಲ್ಲಿಗೆ ಒಯ್ಯುತ್ತದೆಂಬುದು ಸ್ಪಷ್ಟವಾಗಿರಬೇಕೆಂಬ ಅಂಶವಿತ್ತು. ‘ಇಲ್ಲಿ ಕ್ಲಿಕ್ ಮಾಡಿ’ಯನ್ನು ಹೆಸರಿಟ್ಟೇ ಬೇಡವೆಂದಿತ್ತು. 2001ರಲ್ಲಿ ಅದೇ ಒಕ್ಕೂಟದ ಸಲಹೆಗಳ ಸರಣಿಗೆ ಇದೇ ವಿಷಯದ ಪುಟ್ಟ ಟಿಪ್ಪಣಿ ಬರೆದವನು ಆರನ್ ಸ್ವಾರ್ಟ್ಸ್, ಆಗಿನ್ನೂ ಹದಿಹರೆಯದ ಹುಡುಗ. 2008ರ ಡಿಸೆಂಬರಿನ ಎರಡನೆಯ ಆವೃತ್ತಿ ಇದನ್ನು ಎರಡು ಮೆಟ್ಟಿಲು ಮಾಡಿತು. ಲಿಂಕಿನ ಉದ್ದೇಶ ಸುತ್ತಲಿನ ವಾಕ್ಯದ ಸಹಾಯದಿಂದಲಾದರೂ ತಿಳಿಯಬೇಕು. ಇದು ಎಲ್ಲರಿಗೂ ಅನ್ವಯಿಸುವ ಕನಿಷ್ಠ ಮಟ್ಟ. ಲಿಂಕಿನ ಮಾತೊಂದರಿಂದಲೇ ತಿಳಿಯಬೇಕು. ಇದು ಅತ್ಯುನ್ನತ ಮಟ್ಟ. ‘ರೋಗ’ ಸಾಕೋ, ‘ರೋಗ, ಶ್ವಾಸಕೋಶ’ ಬೇಕೋ ಎಂದು ರಂಗನಾಥನ್ ಕೇಳಿಕೊಂಡ ಪ್ರಶ್ನೆಯೇ ಇದು. ಭಾರತ ಸರ್ಕಾರದ ಜಾಲತಾಣಗಳಿಗೆ 2009ರಲ್ಲಿ ಮಾರ್ಗಸೂಚಿ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಹಿತಿ ತಂತ್ರಜ್ಞಾನದ ಸುಗಮ್ಯತೆಯನ್ನು ಹಕ್ಕಿನ ಮಾತಾಗಿಸಿತು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್, ಇಸ್ಪೀಕ್ ಧ್ವನಿಯ ನೆರವಿನಿಂದ ಕನ್ನಡವನ್ನೂ ಓದುತ್ತದೆ. ಅದಕ್ಕೂ ಲಿಂಕು ಪಟ್ಟಿಯಿದೆ.

ನಮ್ಮಲ್ಲಿ ಈ ಸಮಸ್ಯೆ ಕಣ್ಣು ಕಾಣದವರದ್ದಷ್ಟೇ ಅಲ್ಲ. ಕರ್ನಾಟಕದ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ, ಅರ್ಜಿ ತುಂಬುವ ಸೂಚನೆಗಳನ್ನು ಜಾಲತಾಣದಿಂದ ಮುದ್ರಿಸಿ ಸೈಬರ್ ಸೆಂಟರಿನ ಗೋಡೆಗೆ ಅಂಟಿಸಿರುತ್ತಾರೆ. ‘ಬೇಕಾದ ದಾಖಲೆಗಳಿಗಾಗಿ ಇಲ್ಲಿ ಕ್ಲಿಕ್ ಮಾಡಿ’ ಎಂದು ಕಾಗದ ಹೇಳುತ್ತದೆ. ಹಳ್ಳಿಯಿಂದ ಬಸ್ಸು ಹಿಡಿದು ಬಂದವರು ಅದನ್ನು ಓದಿ, ಯಾವ ದಾಖಲೆ ಎಂದು ಅಂಗಡಿಯವನನ್ನೇ ಕೇಳುತ್ತಾರೆ. ಬರ್ನರ್ಸ್-ಲೀ ಹೇಳಿದ ಕಾಗದದ ಪರೀಕ್ಷೆ ನಮ್ಮಲ್ಲಿ ದಿನವೂ ನಡೆಯುತ್ತದೆ, ದಿನವೂ ನಪಾಸು. ಇನ್ನು ಫೋನು ಹಿಡಿದವರ ಕೈಯಲ್ಲಿ ಮೌಸೇ ಇಲ್ಲ; ಮೈಕ್ರೋಸಾಫ್ಟ್‌ನಂಥ ಕಂಪನಿಗಳ ಶೈಲಿ ಸೂಚನೆಗಳೇ ಕ್ಲಿಕ್ ಬಿಟ್ಟು ‘ಆಯ್ಕೆ ಮಾಡಿ’ ಎಂಬ ಕಡೆಗೆ ಹೊರಳಿವೆ.

ಕನ್ನಡದಲ್ಲಿ ಬರೆಯುವವರಿಗೆ ಇದು ಇಂಗ್ಲಿಷಿಗಿಂತ ಸುಲಭ. ಇಂಗ್ಲಿಷಿನ ವಾಕ್ಯದಲ್ಲಿ ಕ್ಲಿಕ್ಕು ಮೊದಲು, ಗುರಿ ಆಮೇಲೆ. ನಮ್ಮ ವಾಕ್ಯದಲ್ಲಿ ಗುರಿ ತಾನಾಗಿಯೇ ಮೊದಲು ಬರುತ್ತದೆ: ‘ಅರ್ಜಿ ನಮೂನೆಗಾಗಿ ಇಲ್ಲಿ ಕ್ಲಿಕ್ ಮಾಡಿ.’ ಬೇಕಾದ ಮಾತು ಆಗಲೇ ಇದೆ; ಗೆರೆ ಬಿದ್ದಿರುವುದು ಬೇಡದ ಮಾತಿನ ಮೇಲೆ. ಗೆರೆಯನ್ನು ಎಡಕ್ಕೆ ಸರಿಸಿ ‘ಅರ್ಜಿ ನಮೂನೆ’ಯ ಕೆಳಗೆ ಎಳೆದರೆ ಬಲಗಡೆಯದು ತಾನಾಗಿ ಉದುರುತ್ತದೆ. ‘ಅರ್ಜಿ ನಮೂನೆಯನ್ನು ತೆರೆಯಿರಿ’ ಎಂದರೆ ಮುಗಿಯಿತು. ಗೆರೆ ವಿಭಕ್ತಿ ಪ್ರತ್ಯಯದವರೆಗೂ ಹೋಗಲಿ. ‘ನಮೂನೆ’ಗೆ ಗೆರೆ ಎಳೆದು ‘ಯನ್ನು’ ಹೊರಗೆ ಬಿಟ್ಟರೆ ಸ್ಕ್ರೀನ್ ರೀಡರ್ ಪದವನ್ನು ಮುರಿದು ಓದುವ ಸಾಧ್ಯತೆಯಿದೆ. ಕಡತವಾದರೆ ಅದರ ಬಗೆ, ಗಾತ್ರ ಜೊತೆಗಿರಲಿ: ‘ಅರ್ಜಿ ನಮೂನೆ, ಪಿಡಿಎಫ್, 2 ಎಂಬಿ’. ಡೇಟಾ ಮುಗಿಯುತ್ತ ಬಂದವರು ಒತ್ತುವ ಮೊದಲೇ ತೀರ್ಮಾನಿಸಲಿ.

ಹೊಸಬರಿಗೆ ನಾನು ಕೊಡುವ ಪರೀಕ್ಷೆ ಕಾರ್ಡಿನ ಕಾಲದ್ದೇ. ಪುಟದ ಲಿಂಕುಗಳನ್ನಷ್ಟೇ ಹೆಕ್ಕಿ, ಅಕಾರಾದಿಯಾಗಿ ಜೋಡಿಸಿ, ಪುಟ ನೋಡಿರದ ಯಾರಿಗಾದರೂ ಓದಿಸಿ. ಯಾವುದು ಎಲ್ಲಿಗೆ ಹೋಗುತ್ತದೆಂದು ಅವರು ಹೇಳಬೇಕು. ಕನ್ನಡದ ಪುಟವಾದರೆ ದೋಷ ಹುಡುಕಲು ಪಟ್ಟಿಯ ಕೊನೆಯವರೆಗೂ ಹೋಗುವ ಕಷ್ಟವಿಲ್ಲ. ನಮ್ಮ ವರ್ಣಮಾಲೆಯಲ್ಲಿ ‘ಇ’ ಮೂರನೆಯ ಅಕ್ಷರ. ‘ಇಲ್ಲಿ’ ಇದ್ದರೆ ಅದು ಹೆಚ್ಚುಕಡಿಮೆ ಪಟ್ಟಿಯ ನೆತ್ತಿಯಲ್ಲೇ ಕೂತಿರುತ್ತದೆ.